ಫಾಲೋವರ್ಸ್ ಲೆಕ್ಕ ಆಮೇಲೆ, ಮೊದಲು ಒಂದು ವಿಷಯ ಹಿಡಿಯಿರಿ

ಪ್ರಶ್ನೆ: ನಾನು ಬ್ಯಾಡಗಿ ಹತ್ತಿರದ ಹಳ್ಳಿಯವಳು. ಮನೆಯಲ್ಲಿ ಮೆಣಸಿನಕಾಯಿ ಬೆಳೆಯುತ್ತೇವೆ. ಈಗ ಧಾರವಾಡದಲ್ಲಿ ಪತ್ರಿಕೋದ್ಯಮ ಎಂ.ಎ. ಓದುತ್ತಿದ್ದೇನೆ. ‘ಸೋಷಿಯಲ್ ಮೀಡಿಯಾದಲ್ಲಿ ಹೆಸರು ಮಾಡಿಕೊಳ್ಳಿ, ಇಲ್ಲದಿದ್ದರೆ ಕೆಲಸ ಸಿಗಲ್ಲ’ ಅಂತ ಎಲ್ಲರೂ ಹೇಳುತ್ತಾರೆ. ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಎಕ್ಸ್, ಯೂಟ್ಯೂಬ್ ಎಲ್ಲದರಲ್ಲೂ ಖಾತೆ ಇದೆ. ಏನು ಹಾಕಬೇಕು ಅಂತ ತಿಳಿಯದೆ ಸುಮ್ನೆ ಸ್ಕ್ರಾಲ್ ಮಾಡುತ್ತಾ ಕೂರುತ್ತೇನೆ. ಕ್ಯಾಮೆರಾ ಮುಂದೆ ನಿಲ್ಲಲು ಹಿಂಜರಿಕೆ. ಕನ್ನಡದಲ್ಲಿ ಮಾಡಲಾ, ಇಂಗ್ಲಿಷಿನಲ್ಲಾ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ‘ಮನೆಯಲ್ಲಿ ಮೆಣಸಿನಕಾಯಿ ಬೆಳೆಯುತ್ತೇವೆ’ ಅನ್ನುವ ಸಾಲು. ನೀವು ಅದನ್ನು ಬರೀ ಪರಿಚಯಕ್ಕೆಂದು ಬರೆದಿರಬಹುದು. ನಾನು ಹೇಳಬೇಕಾದ್ದೆಲ್ಲ ಅಲ್ಲಿಂದಲೇ ಶುರುವಾಗುತ್ತದೆ.

ಹೊಸಬರು ಸಾಮಾನ್ಯವಾಗಿ ಮೊದಲು ಖಾತೆ ತೆರೆಯುತ್ತಾರೆ. ಆಮೇಲೆ ಅದರಲ್ಲಿ ಏನು ತುಂಬುವುದು ಅಂತ ಹುಡುಕುತ್ತಾರೆ. ಇವತ್ತು ಸಿನಿಮಾ, ನಾಳೆ ರಾಜಕೀಯ, ನಾಡಿದ್ದು ಒಂದು ಸ್ಫೂರ್ತಿಯ ಮಾತು. ವರ್ಷವಾದರೂ ಇವರು ಯಾವುದರ ಬಗ್ಗೆ ಬರೆಯುವವರು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಅದರ ಬದಲು ಒಂದು ವಿಷಯ ಹಿಡಿಯಿರಿ. ಆ ವಿಷಯದಲ್ಲಿ ಏನಾದರೂ ತಿಳಿಯಬೇಕಾದರೆ ‘ಆ ಹುಡುಗಿಯನ್ನು ಕೇಳಿ’ ಅನ್ನುವಷ್ಟು ಆಳಕ್ಕೆ ಇಳಿಯಿರಿ. ಪತ್ರಿಕೆಯವರು ಬೀಟ್ ಅನ್ನುವುದು ಇದನ್ನೇ. ಮೊದಲು ಸಂಪಾದಕರು ಬೀಟ್ ಕೊಡುವ ತನಕ ಕಾಯಬೇಕಿತ್ತು. ಈಗ ವಿದ್ಯಾರ್ಥಿಯಾಗಿದ್ದಾಗಲೇ ನೀವೇ ಆರಿಸಿಕೊಳ್ಳಬಹುದು. ಸೋಷಿಯಲ್ ಮೀಡಿಯಾದಿಂದ ವಿದ್ಯಾರ್ಥಿಗೆ ಸಿಕ್ಕಿರುವ ದೊಡ್ಡ ಅನುಕೂಲ ಇದು ಅಂತ ನನ್ನ ನಂಬಿಕೆ.

ನಿಮ್ಮ ಮನೆ ಬಾಗಿಲಲ್ಲೇ ಎಂಥ ವಿಷಯ ಇದೆ ನೋಡಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ, ಅಂದರೆ ಆ ಊರಿನದೇ ವಿಶೇಷ ಬೆಳೆ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಖಾರ ಕಡಿಮೆ, ಬಣ್ಣ ಜಾಸ್ತಿ. ಅದರಿಂದ ತೆಗೆಯುವ ಬಣ್ಣದ ಎಣ್ಣೆ, ಅಂದರೆ ಓಲಿಯೊರೆಸಿನ್, ಆಹಾರದ ಕಾರ್ಖಾನೆಗಳಿಗೂ ಸೌಂದರ್ಯ ಸಾಮಗ್ರಿ ಮಾಡುವವರಿಗೂ ಹೋಗುತ್ತದೆ. ಕಡ್ಡಿ, ಡಬ್ಬಿ ಅಂತ ತಳಿಗಳಿವೆ. ಸೋಮವಾರ, ಗುರುವಾರ ಮಾರುಕಟ್ಟೆ. ಬಳ್ಳಾರಿ, ರಾಯಚೂರಿನಿಂದ, ಆಂಧ್ರದಿಂದಲೂ ಚೀಲಗಳು ಬರುತ್ತವೆ. ಇದೆಲ್ಲ ನಿಮಗೆ ಚಿಕ್ಕಂದಿನಿಂದ ಗೊತ್ತು. ಬೆಂಗಳೂರಿನ ಡೆಸ್ಕಿನಲ್ಲಿ ಕೂತವರು ಇದನ್ನು ಫೋನ್ ಮಾಡಿ ಕೇಳಿ ತಿಳಿಯಬೇಕು.

2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಏನಾಯಿತು ಅಂತ ನಿಮಗೆ ನೆನಪಿರುತ್ತದೆ. ದರ ಕುಸಿಯಿತು. ರೈತರ ಸಿಟ್ಟು ಕಟ್ಟೆಯೊಡೆಯಿತು. ಎಪಿಎಂಸಿ, ಅಂದರೆ ಕೃಷಿ ಮಾರುಕಟ್ಟೆಯ ಆವರಣದಲ್ಲಿ ವಾಹನಗಳು ಹೊತ್ತಿ ಉರಿದವು. ಆ ಬೆಂಕಿಯ ವಿಡಿಯೊ ರಾಜ್ಯದ ಎಲ್ಲರ ಫೋನಿಗೂ ಬಂತು. ಅದನ್ನು ನೋಡಿದವರಿಗೆ ಬೇರೆ ಪ್ರಶ್ನೆಗಳೂ ಇದ್ದವು. ಟೆಂಡರ್‌ನಲ್ಲಿ ದರ ಹೇಗೆ ನಿಗದಿಯಾಗುತ್ತದೆ? ಕಾಯಿಯ ತೇವಾಂಶ ನೋಡಿ ದರ ಹೇಗೆ ಇಳಿಸುತ್ತಾರೆ? ಕೋಲ್ಡ್ ಸ್ಟೋರೇಜ್‌ನಲ್ಲಿರುವ ಹಳೆಯ ದಾಸ್ತಾನಿಗೂ ಹೊಸ ಕಾಯಿಯ ದರಕ್ಕೂ ಏನು ಸಂಬಂಧ? ಇವನ್ನು ಹತ್ತಿರದಿಂದ ಬಲ್ಲವರು ಕನ್ನಡದಲ್ಲಿ, ಒಂದೊಂದು ನಿಮಿಷದ ವಿಡಿಯೊಗಳಲ್ಲಿ ಬಿಡಿಸಿ ಹೇಳಿದರೆ ಜನ ಕೇಳುತ್ತಾರೆ. ಗಲಾಟೆ ಆದ ದಿನ ಮಾತ್ರ ಹೋಗುವ ಕ್ಯಾಮೆರಾಗಳು ಸಾಕಷ್ಟಿವೆ. ಪ್ರತಿ ವಾರ ಹೋಗುವ ಒಬ್ಬರು ಬೇಕು.

ಇನ್ನು ಸ್ಕ್ರಾಲ್ ಮಾಡುತ್ತಾ ಕೂರುವ ವಿಷಯ. ಅದನ್ನು ಪೂರ್ತಿ ಬಿಡಬೇಡಿ, ದಾರಿಗೆ ತನ್ನಿ. ಮೊದಲ ಕೆಲವು ವಾರ ಏನನ್ನೂ ಹಾಕದೆ ಕೇಳಿಸಿಕೊಳ್ಳಲು ಮಾತ್ರ ಬಳಸಿ. ಎಕ್ಸ್‌ನಲ್ಲಿ ‘ಲಿಸ್ಟ್’ ಅನ್ನುವ ಸೌಲಭ್ಯವಿದೆ. ಅದನ್ನು ಪ್ರೈವೇಟ್ ಮಾಡಿಟ್ಟರೆ ನೀವು ಯಾರನ್ನು ಸೇರಿಸಿದ್ದೀರಿ ಅಂತ ಬೇರೆಯವರಿಗೆ ಕಾಣುವುದಿಲ್ಲ. ಜಿಲ್ಲಾಧಿಕಾರಿ, ಜಿಲ್ಲಾ ಪೊಲೀಸ್, ಕೃಷಿ ಇಲಾಖೆ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಕೃಷಿ ಬಗ್ಗೆ ಬರೆಯುವ ವರದಿಗಾರರು, ಇಷ್ಟು ಜನರ ಖಾತೆಗಳನ್ನು ಒಂದು ಲಿಸ್ಟಿಗೆ ಹಾಕಿ. ದಿನಕ್ಕೆ ಹತ್ತು ನಿಮಿಷ ಅದನ್ನೊಂದೇ ನೋಡಿ. ಫೇಸ್‌ಬುಕ್‌ನಲ್ಲಿ ಬೆಳೆಗಾರರ ಗುಂಪುಗಳಿವೆ. ಕೃಷಿ ವಿಡಿಯೊಗಳ ಕೆಳಗಿನ ಕಾಮೆಂಟುಗಳನ್ನು ಓದಿ. ವಿಡಿಯೊಗಿಂತ ಅವೇ ಎಷ್ಟೋ ಸಲ ಹೆಚ್ಚು ಕಲಿಸುತ್ತವೆ. ‘ಕಪ್ಪು ನುಸಿಗೆ ಏನು ಹೊಡೀಬೇಕ್ರಿ?’ ಅಂತ ಒಬ್ಬರು ಕೇಳಿರುತ್ತಾರೆ. ಉತ್ತರ ಕೊಟ್ಟವರು ಔಷಧಿ ಅಂಗಡಿಯವರು. ಅಲ್ಲೇ ಒಂದು ವರದಿ ಇದೆ, ಅಲ್ವಾ? ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದೆ ನೀವು ಮಾಡುವ ಕೆಲಸದ ಪಟ್ಟಿ ಅದೇ.

ವಾಟ್ಸ್ಆ್ಯಪ್ ಗುಂಪಿಗೆ ಸೇರುವಾಗ ಮಾತ್ರ ಒಂದು ಎಚ್ಚರ. ಪತ್ರಿಕೋದ್ಯಮ ವಿದ್ಯಾರ್ಥಿನಿ ಅಂತ ಮೊದಲೇ ಹೇಳಿ ಸೇರಿ. ಅಲ್ಲಿ ಒಬ್ಬರು ಹೇಳಿಕೊಂಡ ಸಾಲದ ಕಷ್ಟವನ್ನು ಸ್ಕ್ರೀನ್‌ಶಾಟ್ ತೆಗೆದು ಹೊರಗೆ ಹಾಕಬೇಡಿ. ಬೇಕಾದರೆ ಅವರಿಗೇ ಫೋನ್ ಮಾಡಿ, ಅನುಮತಿ ಕೇಳಿ.

ಸೋಷಿಯಲ್ ಮೀಡಿಯಾವನ್ನು ಸಂವಹನಕ್ಕೆ ಹೇಗೆ ಬಳಸಬಹುದು ಅನ್ನುವುದಕ್ಕೆ ನಮ್ಮಲ್ಲೇ ಆದ ಒಂದು ಕೆಲಸವನ್ನು ನಾನು ವಿದ್ಯಾರ್ಥಿಗಳಿಗೆ ಯಾವಾಗಲೂ ಹೇಳುತ್ತೇನೆ. 2021ರಲ್ಲಿ ಕೊರೊನಾ ನಿರ್ಬಂಧಗಳಿಂದ ಬಾಳೆಕಾಯಿಗೆ ಬೆಲೆ ಇರಲಿಲ್ಲ. ಆಗ ಪತ್ರಕರ್ತ ಶ್ರೀಪಡ್ರೆ ಬಾಳೆಕಾಯಿ ಹುಡಿ ಮಾಡುವ ವಿಷಯ ಎತ್ತಿಕೊಂಡರು. ಜನ ಅದನ್ನು ‘ಬಾಕಾಹು’ ಅಂತಲೇ ಕರೆದರು. ಪುತ್ತೂರಿನಿಂದ ಬರುವ ‘ಅಡಿಕೆ ಪತ್ರಿಕೆ’ ಅವರ ಬೆನ್ನಿಗಿತ್ತು. ರೈತರ ಕೈಗೇ ಲೇಖನಿ ಕೊಡಬೇಕು ಅಂತ 1988ರಲ್ಲಿ ಶುರುವಾದ ಪತ್ರಿಕೆ ಅದು. ಹುಡಿಯ ಕೆಲಸ ಹರಡಿದ್ದು ಹೆಚ್ಚಾಗಿ ವಾಟ್ಸ್ಆ್ಯಪ್ ಗುಂಪುಗಳಲ್ಲಿ. ಕಾಯಿ ಹೇಗೆ ಹೆಚ್ಚಬೇಕು, ಹೇಗೆ ಒಣಗಿಸಬೇಕು, ದೋಸೆಗೆ ಎಷ್ಟು ಬೆರೆಸಬೇಕು, ಹೀಗೆ ಮನೆಮನೆಗಳಲ್ಲಿ ಪ್ರಯೋಗ ನಡೆಯಿತು. ಮಾಡಿದವರು ಫೋಟೊ ಹಾಕಿದರು. ಅದನ್ನು ನೋಡಿ ಮತ್ತೊಬ್ಬರು ಮಾಡಿದರು. 2021ರ ಜುಲೈ ತಿಂಗಳ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿಯವರು ದಕ್ಷಿಣ ಕನ್ನಡ, ಉತ್ತರ ಕನ್ನಡದ ಮಹಿಳೆಯರು ಬಾಳೆಕಾಯಿ ಹುಡಿಯಿಂದ ದೋಸೆ, ಗುಲಾಬ್ ಜಾಮೂನು ಮಾಡಿದ್ದನ್ನು, ಅದರ ಚಿತ್ರಗಳನ್ನು ಸೋಷಿಯಲ್ ಮೀಡಿಯಾದಲ್ಲಿ ಹಂಚಿಕೊಂಡಿದ್ದನ್ನು ಹೇಳಿದರು.

ಇದರಲ್ಲಿ ನೀವು ಗಮನಿಸಬೇಕಾದ್ದು ಆ ಪ್ರಚಾರವನ್ನಲ್ಲ. ಇದರ ಹಿಂದಿದ್ದ ಶ್ರೀಪಡ್ರೆ ಅವರಿಗೆ ಕೃಷಿ ಪತ್ರಿಕೋದ್ಯಮದಲ್ಲಿ ದಶಕಗಳ ಅನುಭವ ಇತ್ತು. ಬಂದ ಪ್ರತಿ ಸಂದೇಶವೂ ಓದಿದವರ ಅಡುಗೆಮನೆಗೆ, ಜೇಬಿಗೆ ಉಪಯೋಗಕ್ಕೆ ಬರುವಂತಿತ್ತು. ಓದುಗರೇ ಮುಂದಿನ ಸುದ್ದಿ ಕೊಡುವವರಾದರು. ರೀಲ್ ಬೇಕಾಗಲಿಲ್ಲ, ಹಿನ್ನೆಲೆ ಸಂಗೀತ ಬೇಕಾಗಲಿಲ್ಲ.

ಯಾವ ವೇದಿಕೆ ಅನ್ನುವುದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ವಿಷಯಕ್ಕೆ ಯೂಟ್ಯೂಬ್ ಸರಿ, ಯಾಕಂದರೆ ಜನ ಅಲ್ಲಿ ಹುಡುಕಿಕೊಂಡು ಬರುತ್ತಾರೆ. ಕಳೆದ ವರ್ಷದ ವಿಡಿಯೊ ಈ ವರ್ಷವೂ ಸಿಗುತ್ತದೆ. ವಾರದ ದರ ತಿಳಿಸಲು ವಾಟ್ಸ್ಆ್ಯಪ್ ಚಾನೆಲ್ ಚೆನ್ನ. ಅದರಲ್ಲಿ ನಿಮ್ಮ ನಂಬರ್ ಹಿಂಬಾಲಕರಿಗೆ ಕಾಣುವುದಿಲ್ಲ. ಎಕ್ಸ್ ಇರಲಿ, ಅಧಿಕಾರಿಗಳೂ ಸಂಪಾದಕರೂ ಅಲ್ಲಿದ್ದಾರೆ. ಉಳಿದವು ಸದ್ಯಕ್ಕೆ ಬೇಡ.

ಆದರೆ ಮಾಡಿದ ಎಲ್ಲದರ ಮೂಲ ಪ್ರತಿ ನಿಮ್ಮ ಬಳಿಯೇ ಇರಲಿ. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ಸೇರಿದಂತೆ 59 ಆ್ಯಪ್‌ಗಳನ್ನು ನಿಷೇಧಿಸಿತು. ಅದನ್ನೇ ನಂಬಿಕೊಂಡು ನೋಡುಗರನ್ನು ಕಟ್ಟಿಕೊಂಡಿದ್ದ ಹಳ್ಳಿಯ ಹುಡುಗ ಹುಡುಗಿಯರು ಎಲ್ಲವನ್ನೂ ಮೊದಲಿಂದ ಶುರು ಮಾಡಬೇಕಾಯಿತು. ವಿಡಿಯೊ, ಫೋಟೊ, ಬರೆದದ್ದು, ಸಂದರ್ಶನದ ಧ್ವನಿ, ಎಲ್ಲವನ್ನೂ ತಾರೀಖು ಹಾಕಿ ಒಂದು ಹಾರ್ಡ್ ಡಿಸ್ಕಿನಲ್ಲೋ ಡ್ರೈವ್‌ನಲ್ಲೋ ಇಡಿ.

ಈಗ ಕ್ಯಾಮೆರಾ ಹಿಂಜರಿಕೆಗೆ ಬರೋಣ. ನಿಮ್ಮ ಮುಖ ತೋರಿಸಲೇಬೇಕು ಅಂತ ಯಾರು ಹೇಳಿದರು? ಚೀಲ ಬಿಚ್ಚುವ ಕೈ, ಕಾಯಿ ಮುರಿದು ನೋಡುವ ಖರೀದಿದಾರ, ತೂಕದ ಯಂತ್ರ, ಟೆಂಡರ್ ಚೀಟಿ. ನೋಡುಗರು ನೋಡಬೇಕಾದ್ದು ಇವನ್ನೇ. ನಿಮ್ಮ ಧ್ವನಿ ಇದ್ದರೆ ಸಾಕು. ಆದರೆ ಆ ಧ್ವನಿ ಸ್ವಚ್ಛವಾಗಿರಬೇಕು. ಚಿತ್ರ ಸ್ವಲ್ಪ ಅಲುಗಾಡಿದರೆ ಜನ ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಮುಂದಕ್ಕೆ ಹೋಗಿಬಿಡುತ್ತಾರೆ. ಮಾರುಕಟ್ಟೆಯಲ್ಲಿ ಹಮಾಲರ ಕೂಗು, ಲಾರಿ ಸದ್ದು ಇರುತ್ತದೆ. ಕಾಲರ್ ಮೈಕ್ ಒಂದು ಕೊಳ್ಳಿ, ದುಬಾರಿಯದು ಬೇಕಿಲ್ಲ. ನಿಮ್ಮ ವಿವರಣೆಯನ್ನು ಮನೆಗೆ ಬಂದು, ಫ್ಯಾನ್ ಆಫ್ ಮಾಡಿ, ಬಾಗಿಲು ಹಾಕಿ ರೆಕಾರ್ಡ್ ಮಾಡಿ.

ಮೊದಲು ಬರೆಯಿರಿ. ಒಂದು ನಿಮಿಷಕ್ಕೆ 100 ಪದಗಳ ಆಸುಪಾಸು ಸಾಕು. ಗಟ್ಟಿಯಾಗಿ ಓದಿ ನೋಡಿ, ನಾಲಿಗೆ ತೊಡರಿದ ಕಡೆ ತಿದ್ದಿ. ಮೊದಲ ವಾಕ್ಯದ ಮೇಲೆ ಉಳಿದೆಲ್ಲದಕ್ಕಿಂತ ಹೆಚ್ಚು ಸಮಯ ಹಾಕಿ. ‘ಹಾಯ್ ಫ್ರೆಂಡ್ಸ್, ನನ್ನ ಚಾನೆಲ್‌ಗೆ ಸ್ವಾಗತ, ಲೈಕ್ ಮಾಡಿ, ಶೇರ್ ಮಾಡಿ’ ಅಂತ ಶುರು ಮಾಡಿದರೆ ಕೇಳುವವರಿಗೆ ಇನ್ನೂ ಏನೂ ಸಿಕ್ಕಿಲ್ಲ, ಆಗಲೇ ನೀವು ಕೇಳಲು ಶುರು ಮಾಡಿದ್ದೀರಿ. ಹೀಗೆ ಶುರು ಮಾಡಿ ನೋಡಿ: ‘ಒಂದೇ ಹೊಲದ ಕಾಯಿ. ಈ ಚೀಲಕ್ಕೆ ಒಂದು ರೇಟು, ಪಕ್ಕದ ಚೀಲಕ್ಕೆ ಇನ್ನೊಂದು. ಯಾಕೆ?’ ಆಮೇಲೆ ಖರೀದಿದಾರನ ಮಾತು, ರೈತನ ಮಾತು, ನೀವು ಕಂಡುಕೊಂಡ ಕಾರಣ. ತಾರೀಖನ್ನು ಬಾಯಲ್ಲೇ ಹೇಳಿ, ಪರದೆಯ ಮೇಲೂ ಹಾಕಿ. ದರದ ವಿಡಿಯೊ ಮೂರು ತಿಂಗಳ ನಂತರವೂ ಫಾರ್ವರ್ಡ್ ಆಗುತ್ತಿರುತ್ತದೆ. ತಾರೀಖು ಇಲ್ಲದಿದ್ದರೆ ಅದನ್ನು ನಂಬಿ ಯಾರೋ ಒಬ್ಬರು ಲಾರಿ ಬಾಡಿಗೆ ಕೊಟ್ಟು ಕಾಯಿ ತಂದುಬಿಡುತ್ತಾರೆ. ಕನ್ನಡದಲ್ಲಿ ಸಬ್‌ಟೈಟಲ್ ಹಾಕುವುದನ್ನು ಮರೆಯಬೇಡಿ. ಬಸ್ಸಿನಲ್ಲಿ ಕೂತು ಸೌಂಡ್ ಇಲ್ಲದೆ ನೋಡುವವರು ಬಹಳ ಜನ. ಕಿವಿ ಕೇಳಿಸದವರಿಗೂ ಅದು ಬೇಕು.

ಭಾಷೆಯ ಪ್ರಶ್ನೆಗೆ ನನ್ನ ಉತ್ತರ ನೇರವಾಗಿದೆ. ಕನ್ನಡದಲ್ಲೇ ಮಾಡಿ. ಮೆಣಸಿನಕಾಯಿ ದರ ತಿಳಿಯಬೇಕಾದವರು ಕನ್ನಡದವರು. ಮಾತಿನಲ್ಲಿ ನಿಮ್ಮ ಹಾವೇರಿಯ ಕನ್ನಡವೇ ಇರಲಿ, ಅದನ್ನು ಬೆಂಗಳೂರಿನ ಕನ್ನಡವಾಗಿ ಬದಲಿಸುವ ಅಗತ್ಯವಿಲ್ಲ. ಬರಹವನ್ನು ಮಾತ್ರ ಎಲ್ಲ ಕಡೆಯವರೂ ಓದುವ ಹಾಗೆ ಬರೆಯಿರಿ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಅಕ್ಷರಗಳನ್ನು ಚಿತ್ರದೊಳಗೆ ಕೂರಿಸಿ ಹಾಕಿದರೆ ಹುಡುಕಿದಾಗ ಅವು ಸುಲಭವಾಗಿ ಸಿಗುವುದಿಲ್ಲ. ಮುಖ್ಯ ವರದಿಗಳಿಗೆ ಎರಡು ಸಾಲು ಇಂಗ್ಲಿಷ್ ಸಾರಾಂಶ ಬರೆದು ಎಕ್ಸ್‌ನಲ್ಲಿ ಹಾಕಿ. ದೆಹಲಿಯಲ್ಲಿ ಕೂತ ಕೃಷಿ ವರದಿಗಾರರಿಗೂ ಆಗ ನೀವು ಕಾಣುತ್ತೀರಿ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಸುಳ್ಳು ಹಾಕಿದರೆ ನಿಮ್ಮ ಹೆಸರು ಹೋಗುತ್ತದೆ. ಹೆಸರು ಹೋಗುವುದು ಸಣ್ಣ ವಿಷಯ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳ ಕಳ್ಳರು ಅನ್ನುವ ವದಂತಿ ನಂಬಿದ ಜನ ಅಮಾಯಕರನ್ನು ಹೊಡೆದು ಕೊಂದರು. ಆ ದಿನಗಳಲ್ಲಿ ಓಡಾಡುತ್ತಿದ್ದ ಒಂದು ವಿಡಿಯೊ ಪಾಕಿಸ್ತಾನದಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರ. ಕೊನೆಯಲ್ಲಿದ್ದ ಸಂದೇಶವನ್ನು ಕತ್ತರಿಸಿ ಹರಡಿದ್ದರು. ಅದೇ ಜುಲೈನಲ್ಲಿ ವಾಟ್ಸ್ಆ್ಯಪ್ ಭಾರತದಲ್ಲಿ ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ತಂದಿತು. ಒಂದು ಫಾರ್ವರ್ಡ್‌ನಿಂದ ಜೀವ ಹೋಗಬಹುದು. ಸಂವಹನ ಕಲಿಯುವವರು ಇದನ್ನು ಒಂದು ದಿನವೂ ಮರೆಯಬಾರದು.

ನಿಮಗೆ ಒಂದು ವಿಡಿಯೊ ಬಂದರೆ ಕಳಿಸಿದವರನ್ನು ಕೇಳಿ: ‘ನೀವೇ ತೆಗೆದದ್ದಾ? ಎಲ್ಲಿ ನಿಂತು ತೆಗೆದಿರಿ? ಹಿಂದೆ ಮುಂದೆ ತೆಗೆದದ್ದು ಇನ್ನೂ ಇದೆಯಾ?’ ನಿಜವಾಗಿ ತೆಗೆದವರ ಬಳಿ ಇನ್ನೂ ಎರಡು ಮೂರು ತುಣುಕು ಇದ್ದೇ ಇರುತ್ತದೆ. ‘ಯಾವುದೋ ಗ್ರೂಪಿನಲ್ಲಿ ಬಂತು’ ಅಂದರೆ ಅಲ್ಲಿಗೇ ನಿಲ್ಲಿಸಿ. ಒಂದು ಫ್ರೇಮನ್ನು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹಾಕಿ ನೋಡಿ, ಹಳೆಯದಾದರೆ ಬಹಳ ಸಲ ಸಿಕ್ಕಿಬೀಳುತ್ತದೆ. ಅಂಗಡಿ ಬೋರ್ಡಿನ ಭಾಷೆ, ಗಾಡಿ ನಂಬರ್, ಬಿಸಿಲು ಮಳೆ, ಜನರ ಮಾತಿನ ಧಾಟಿ ಗಮನಿಸಿ. ಆಮೇಲೆ ಸಂಬಂಧಪಟ್ಟ ಠಾಣೆಗೋ ಕಚೇರಿಗೋ ಫೋನ್ ಮಾಡಿ. ಮೊದಲು ಹಾಕಿದವರು ನಾವೇ ಅನ್ನಿಸಿಕೊಳ್ಳುವ ಆಸೆ ಬಿಟ್ಟುಬಿಡಿ. ಅದರಲ್ಲಿ ವಿದ್ಯಾರ್ಥಿಗೆ ಸಿಗುವ ಲಾಭ ಏನೂ ಇಲ್ಲ. ಎಐ ಬಳಸಿ ಮುಖ, ಧ್ವನಿ ಬದಲಿಸುವ ಕಾಲ ಇದು. 2023ರ ನವೆಂಬರ್‌ನಲ್ಲಿ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬರ ದೇಹಕ್ಕೆ ಅಂಟಿಸಿದ ವಿಡಿಯೊ ದೇಶವೆಲ್ಲ ಓಡಾಡಿತ್ತು. ಕಣ್ಣಾರೆ ಕಂಡೆ ಅನ್ನುವುದು ಈಗ ಸಾಕ್ಷಿಯಲ್ಲ.

ದರದ ಸುದ್ದಿಗೆ ನಿಮ್ಮದೇ ಒಂದು ಅಸ್ತ್ರವಿದೆ. ಎಪಿಎಂಸಿಗಳ ದರಗಳು ಸರ್ಕಾರದ ‘ಕೃಷಿ ಮಾರಾಟ ವಾಹಿನಿ’ ಜಾಲತಾಣದಲ್ಲಿ ಸಿಗುತ್ತವೆ. ಅಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಅಂತ ಮೂರು ದರ ಇರುತ್ತವೆ. ವೈರಲ್ ಆಗುವುದು ಗರಿಷ್ಠ ದರ. ಅದು ಎಲ್ಲೋ ಕೆಲವು ಚೀಲ ಒಳ್ಳೆ ಡಬ್ಬಿ ಕಾಯಿಗೆ ಸಿಕ್ಕಿರಬಹುದು. ಹೆಚ್ಚಿನ ಮಾಲು ಯಾವ ದರದಲ್ಲಿ ಹೋಯಿತು ಅನ್ನುವುದಕ್ಕೆ ಮಾದರಿ ದರ ಹತ್ತಿರ. ಪ್ರತಿ ಸೋಮವಾರ, ಗುರುವಾರ ಈ ಮೂರನ್ನೂ, ಎಷ್ಟು ಚೀಲ ಬಂತು ಅನ್ನುವುದನ್ನೂ ಸೇರಿಸಿ ಒಂದೇ ರೀತಿಯ ಚಿಕ್ಕ ಪಟ್ಟಿಯಾಗಿ ಹಾಕುತ್ತಾ ಹೋಗಿ. ಒಂದು ಹಂಗಾಮು ಬಿಡದೆ ಹಾಕಿದರೆ ನಿಮ್ಮ ಬಳಿ ಒಂದು ದಾಖಲೆ ಬೆಳೆದಿರುತ್ತದೆ. ‘ಈ ಸಲ ದರ ಹಿಂದೆಂದೂ ಕಾಣದಷ್ಟು ಬಿದ್ದಿದೆ’ ಅಂತ ಯಾರಾದರೂ ಹೇಳಿದರೆ ಅದು ಸರಿಯೋ ತಪ್ಪೋ ಅಂತ ನೀವು ತೆಗೆದು ತೋರಿಸಬಹುದು. ಅಧಿಕಾರಿಗಳು ಮಾಹಿತಿ ಕೊಡದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಬೇಕು. ವಿದ್ಯಾರ್ಥಿಗಳು ಇದನ್ನು ಬಳಸುವುದೇ ಕಡಿಮೆ. ನನಗೆ ಅದು ಬೇಸರದ ಸಂಗತಿ.

ಕಾನೂನಿನ ಎರಡು ಗೆರೆಗಳನ್ನು ದಾಟಲೇಬೇಡಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಯಲು ಮಾಡುವಂತಿಲ್ಲ. ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಅದನ್ನು ಅಪರಾಧ ಅನ್ನುತ್ತದೆ. ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆಯ 23ನೇ ಕಲಂ ಇನ್ನೂ ಬಿಗಿ. ಹೆಸರು ಬಿಟ್ಟರೆ ಸಾಲದು. ಶಾಲೆ, ಓಣಿ, ತಂದೆಯ ಅಂಗಡಿ, ಯಾವುದರಿಂದಲೂ ಗುರುತು ಸಿಗಬಾರದು. ಇನ್ನೊಂದು ಮಾನಹಾನಿ. ‘ದಲಾಲರೆಲ್ಲ ಕಳ್ಳರು’ ಅಂತ ಸಿಟ್ಟಿನಲ್ಲಿ ಬರೆಯುವುದು ಸುಲಭ. ಯಾವ ದಿನ, ಯಾವ ಚೀಲಕ್ಕೆ, ಎಷ್ಟು ಕಡಿತ ಹಿಡಿದರು ಅಂತ ಚೀಟಿ ಸಮೇತ ತೋರಿಸುವುದು ಪತ್ರಿಕೋದ್ಯಮ. ಎದುರು ಪಕ್ಷದ ಮಾತನ್ನೂ ಕೇಳಿ ಹಾಕಿ.

ನೋಡುವವರು ಹೆಚ್ಚಿದರೆ ಬೀಜ, ಔಷಧಿ ಕಂಪನಿಗಳಿಂದ ಕರೆ ಬರುತ್ತದೆ. ಹಣಕ್ಕೋ ಉಡುಗೊರೆಗೋ ಒಂದು ವಸ್ತುವನ್ನು ಹೊಗಳಿದರೆ ಅದನ್ನು ಸ್ಪಷ್ಟವಾಗಿ ಹೇಳಬೇಕು ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಸೂಚನೆ ಕೊಟ್ಟಿದೆ. ನಾನು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ನಿಮ್ಮ ಬೀಟಿನವರಿಂದ ಹಣ ತೆಗೆದುಕೊಳ್ಳಲೇಬೇಡಿ. ಯೂಟ್ಯೂಬ್ ಜಾಹೀರಾತಿನ ಹಣ ಬೇರೆ. ಅದಕ್ಕೆ 1000 ಚಂದಾದಾರರು ಮತ್ತು ಹಿಂದಿನ 12 ತಿಂಗಳಲ್ಲಿ 4000 ಗಂಟೆ ವೀಕ್ಷಣೆ ಬೇಕು. ಶಾರ್ಟ್ಸ್‌ಗೆ ಬೇರೆ ಲೆಕ್ಕವಿದೆ. ಬಂದಾಗ ಬರಲಿ. ಓದು ಮುಗಿಯುವ ತನಕ ಅದನ್ನು ಗುರಿ ಮಾಡಿಕೊಳ್ಳಬೇಡಿ.

ಹೆಣ್ಣುಮಕ್ಕಳಿಗೆ ಕಾಮೆಂಟುಗಳ ಕಾಟ ಇದ್ದೇ ಇದೆ, ಅದನ್ನು ಮುಚ್ಚಿಟ್ಟು ಧೈರ್ಯ ಹೇಳುವುದಿಲ್ಲ. ಎಲ್ಲ ಖಾತೆಗೂ ಎರಡು ಹಂತದ ಭದ್ರತೆ ಹಾಕಿ. ಕೆಲಸಕ್ಕೆ ಬೇರೆ ನಂಬರ್ ಇಡಿ. ಇದ್ದ ಜಾಗದಿಂದಲೇ ಲೈವ್ ಹೋಗಬೇಡಿ, ಅಲ್ಲಿಂದ ಹೊರಟ ಮೇಲೆ ಹಾಕಿ. ಅಸಭ್ಯ ಪದಗಳನ್ನು ತಾನಾಗಿ ತಡೆಯುವ ಸೆಟ್ಟಿಂಗ್‌ಗೆ ಕನ್ನಡದ ಬೈಗುಳಗಳನ್ನೂ ಸೇರಿಸಿ. ಬೆದರಿಕೆ ಬಂದರೆ ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ, ಮನೆಯವರಿಗೆ ಹೇಳಿ, ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ. ವಿಷಯದ ಬಗ್ಗೆ ತಪ್ಪು ತೋರಿಸಿದವರಿಗೆ ಮಾತ್ರ ಮರೆಯದೆ ಉತ್ತರ ಕೊಡಿ. ಅವರು ಹೇಳಿದ್ದು ಸರಿಯಿದ್ದರೆ ಹಳೆಯ ಪೋಸ್ಟನ್ನು ಸದ್ದಿಲ್ಲದೆ ಅಳಿಸಬೇಡಿ. ಏನು ತಪ್ಪಾಗಿತ್ತು, ಸರಿಯಾದದ್ದು ಏನು ಅಂತ ಅದರಲ್ಲೇ ಬರೆಯಿರಿ.

ಕೊನೆಗೆ ಕೆಲಸದ ವಿಷಯ. ವರದಿಗಾರರನ್ನು ಆರಿಸುವಾಗ ಒಳ್ಳೆಯ ಸಂಪಾದಕರು ಹುಡುಕುವುದು ನಂಬಬಹುದಾದ ಕೆಲಸವನ್ನು. ಹಿಂಬಾಲಕರ ಸಂಖ್ಯೆ ಕೇಳುವ ಸಂಸ್ಥೆಗಳೂ ಇವೆ. ಅಂಥ ಕಡೆ ನಿಮಗೆ ಕಲಿಯಲು ಸಿಗುವುದು ಕಡಿಮೆ. ಒಂದು ಹಂಗಾಮಿನ ಕೆಲಸ ಕೈಯಲ್ಲಿದ್ದಾಗ ನಿಮಗೆ ಇಷ್ಟವಾದ ಪತ್ರಿಕೆಯ ಅಥವಾ ಜಾಲತಾಣದ ಸಂಪಾದಕರಿಗೆ ಒಂದು ಮೇಲ್ ಬರೆಯಿರಿ. ನೀವು ಯಾರು, ಯಾವ ಮಾರುಕಟ್ಟೆಯನ್ನು ಎಷ್ಟು ಕಾಲದಿಂದ ನೋಡುತ್ತಿದ್ದೀರಿ, ನಿಮ್ಮ ಅತ್ಯುತ್ತಮ ಮೂರು ಕೆಲಸಗಳ ಲಿಂಕ್, ಅವರಿಗಾಗಿ ಈಗ ಮಾಡಬಹುದಾದ ಒಂದು ವರದಿ. ಇಷ್ಟೇ ಇರಲಿ, ಎಂಟು ಸಾಲು ಮೀರದಿರಲಿ. ವಾರದೊಳಗೆ ಉತ್ತರ ಬರದಿದ್ದರೆ ಒಮ್ಮೆ ನೆನಪಿಸಿ. ಆಗಲೂ ಬರದಿದ್ದರೆ ಆ ವರದಿಯನ್ನು ನೀವೇ ಮಾಡಿ ಹಾಕಿ, ಲಿಂಕನ್ನು ಮುಂದಿನ ಸಂಪಾದಕರಿಗೆ ಕಳಿಸಿ.